ದೂರದಿಂದ ಕಾಣುವ ತಲೆಬರಹ

ಗೆಳೆಯರೇ, ನಮ್ಮ ಕನ್ನಡ ಪತ್ರಿಕೆಯ ಇಂದಿನ ಮುಖಪುಟ ನೋಡಿದಿರಾ? ಆ ತಲೆಬರಹದ ಅಕ್ಷರ ನನ್ನ ಆಯ್ಕೆ. ಬೇಕಾದ ಅಳತೆಯ ಅಕ್ಷರ ಮೂಡಿಸುವ ಫೋಟೋ ಕಂಪೋಸಿಂಗ್ ಯಂತ್ರ ಬಂದಾಗಿನಿಂದ ಸಂಪಾದಕರ ತಲೆ ತಿನ್ನುತ್ತಿದ್ದೆ: ಅಕ್ಷರ ಅಗಲವಾಗಿರಬೇಕು, ದಪ್ಪ ಗೆರೆ ಕಂಬದಂತೆ, ತೆಳು ಗೆರೆ ಕೂದಲೆಳೆಯಂತೆ ಇರಬೇಕು, ರೈಲುಡಬ್ಬಿಯ ಆ ತುದಿಯಲ್ಲಿ ಕೂತವನಿಗೂ ಕಾಣಬೇಕು. ನಿನ್ನೆ ಒಪ್ಪಿದರು. "ನಾಲ್ಕು ಪ್ರತಿ ಜಾಸ್ತಿ ಹೋದ್ರೆ ಸಾಕಪ್ಪಾ," ಎಂದರು.

ಬೆಳಿಗ್ಗೆ ಬೊರಿವಲಿ ಲೋಕಲ್‌ನಲ್ಲಿ ಪತ್ರಿಕೆಯನ್ನು ಬೇಕೆಂದೇ ಎದೆಯ ಮುಂದೆ ಅಗಲಿಸಿ ಹಿಡಿದು ಕೂತೆ. ಎದುರಿಗೆ, ಗ್ರಾಂಟ್ ರೋಡಿನಲ್ಲಿ ಹೋಟೆಲ್ ಇಟ್ಟಿರುವ ಶೆಟ್ಟರು.

"ಭಾರೀ ಲಾಯ್ಕುಂಟು ಮಾರಾಯ್ರೆ! ಕನ್ನಡಕವೇ ಬೇಡ."

ನಾನು ಉಬ್ಬಿಹೋದೆ. "ಅಕ್ಷರ ನಾನೇ ಆರಿಸಿದ್ದು," ಎಂದೆ.

"ಒಳ್ಳೇದಾಯ್ತು. ಗಿರಾಕಿಗಳಿಗೆ ಅಂತ ಹೋಟೆಲಿಗೆ ದಿನಾ ನಿಮ್ಮ ಪೇಪರಿನ ಮೂರು-ನಾಲ್ಕು ಪ್ರತಿ ತರಿಸ್ತಿದ್ದೆ. ಇನ್ನು ಒಂದು ಸಾಕು. ಗಲ್ಲಾದ ಹಿಂದೆ ಗೋಡೆಗೆ ಅಂಟಿಸಿದ್ರೆ ಎಲ್ಲಾ ಟೇಬಲಿಗೂ ಕಾಣ್ತದೆ."

"ಅಲ್ಲ ಶೆಟ್ರೇ, ಕೆಳಗಿನ ಸುದ್ದಿ ಓದೋದು ಬೇಡ್ವಾ?"

"ಸುದ್ದಿ ಎಲ್ಲುಂಟು? ಅರ್ಧ ಪುಟ ನಿಮ್ಮ ಅಕ್ಷರವೇ ತಿಂದಿದೆಯಲ್ಲ!"

ಗ್ರಾಂಟ್ ರೋಡ್ ಬಂತು, ಅವರು ಇಳಿದು ಹೋದರು. ನಾನು ಪತ್ರಿಕೆಯನ್ನು ಮಡಚಿ, ಇನ್ನೂ ಚಿಕ್ಕದಾಗಿ ಮಡಚಿ, ಕಂಕುಳಲ್ಲಿ ಬಚ್ಚಿಟ್ಟುಕೊಂಡೆ.

ಕಚೇರಿಯಲ್ಲಿ ಸಂಪಾದಕರು ಕಾಯುತ್ತಿದ್ದರು. "ಏನಂತಾರೆ ಜನ?"

"ಬಹಳ ದೂರದಿಂದಲೇ ಓದ್ತಿದ್ದಾರೆ ಸಾರ್," ಎಂದೆ.

ಖುಷಿಯಾಗಿ ನನಗೊಂದು ಸ್ಪೆಷಲ್ ಚಹಾ ತರಿಸಿದರು. ಮಾರಾಟದ ಲೆಕ್ಕ ಅವರ ಮೇಜಿಗೆ ಬರುವ ಮೊದಲೇ ಕುಡಿದು ಮುಗಿಸಿದೆ.