ಎರಡು ಕೊಂಬಿದ್ದಾಗಿನ ಕೆಂಚಯ್ಯ

ಹಳೇಬೀಡಿನ ಬಸ್ ಸ್ಟ್ಯಾಂಡಿನ ಎದುರಿಗೇ ನನ್ನ ಹೊಲಿಗೆ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಎಂಟಕ್ಕೆ ನಾನು ಅಂಗಡಿಯ ಬಾಗಿಲು ತೆಗೆಯುವುದಕ್ಕೂ ಎದುರಿಗೆ ಕೆಂಚಯ್ಯನವರು ಕೂಗಲು ಶುರು ಮಾಡುವುದಕ್ಕೂ ಸರಿಹೋಗುತ್ತದೆ. ಅವರು ಖಾಸಗಿ ಬಸ್ಸುಗಳ ಏಜೆಂಟು. ಬಸ್ಸು ಬಂದು ನಿಂತ ಕೂಡಲೇ ಊರಿನ ಹೆಸರು ಕೂಗಿ ಜನರನ್ನು ಹತ್ತಿಸುವುದು ಅವರ ಕೆಲಸ. "ಜಾವಗಲ್, ಅರಸೀಕೆರೇ! ಬನ್ನಿ ಬನ್ನಿ, ಜಾಗ ಐತೆ, ಎಲ್ರೂ ಕೂತ್ಕೊಂಡು ಹೋಗಬೌದು!" ಎಂದು ಅವರು ಕೂಗಿದರೆ ಕೆರೆ ಏರಿಯ ಮೇಲೆ ಹೋಗುವವರೂ ತಿರುಗಿ ನೋಡುತ್ತಾರೆ. ಆ ಬಸ್ಸಿನಲ್ಲಿ ಕೂರುವುದಿರಲಿ, ಎರಡನೇ ಕಾಲು ಊರಲೂ ಜಾಗ ಇರುವುದಿಲ್ಲ. ಆ ಮಾತು ಒಂದು ದಿನವಾದರೂ ನಿಜವಾದದ್ದನ್ನು ನಾನು ನೋಡಿಲ್ಲ. ಆದರೂ ಆ ದನಿ ಕೇಳಿ ಜನ ಹತ್ತುತ್ತಾರೆ. ತವರಿಗೆ ಹೋಗುವಾಗ ನಾನೂ ಎಷ್ಟೋ ಸಲ ಹತ್ತಿ, ಜಾವಗಲ್‌ವರೆಗೂ ನಿಂತುಕೊಂಡೇ ಅವರಿಗೆ ಶಾಪ ಹಾಕಿದ್ದೇನೆ.

ಈ ಮನುಷ್ಯ ಸಿನಿಮಾ ಸೇರಿದ್ದು ಐದು ವರ್ಷದ ಹಿಂದೆ. ದೇವಸ್ಥಾನ ನೋಡಲು ಬಂದ ಶಿಲ್ಪಾ ಎನ್ನುವ ಹೆಣ್ಣುಮಗಳು ಬಸ್ಸಿಗೆ ಕಾಯುತ್ತ ಎರಡು ಗಂಟೆ ಇವರ ಕೂಗು ಕೇಳಿದಳು. ಆಕೆ ಮಕ್ಕಳ ಅನಿಮೇಷನ್ ಸಿನಿಮಾ ಮಾಡುವವಳು. ಕೊಂಬು ಮುರಿದ ಒಂದು ಮುದಿ ಎತ್ತಿನ ಕಥೆ, ಹೆಸರು 'ಒಂಟಿಕೊಂಬಯ್ಯ'. ಆ ಎತ್ತಿಗೆ ದನಿ ಹುಡುಕುತ್ತಿದ್ದವಳಿಗೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿತು. ಇವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ನಾಲ್ಕು ದಿನ ಮೈಕಿನ ಮುಂದೆ ನಿಲ್ಲಿಸಿದರು.

ಅಲ್ಲಿ ಇವರು ಒಂದು ಎಡವಟ್ಟು ಮಾಡಿದರು. ಸಿನಿಮಾದಲ್ಲಿ ಜೋರು ಮಳೆ ಬಂದು ಕಾಡಿನ ಪ್ರಾಣಿಗಳೆಲ್ಲ ನೆನೆಯುತ್ತ ನಿಂತಿರುತ್ತವೆ. ಕೊಂಬಯ್ಯ ಇರುವ ಕೊಟ್ಟಿಗೆ ಅಂಗೈಯಗಲ. "ಒಳಗೆ ಬನ್ನಿ ಮಕ್ಕಳೇ, ಭಯ ಬೇಡ" ಎಂದು ಓದಬೇಕಿತ್ತು. ಪರದೆಯ ಮೇಲೆ ಅಷ್ಟು ಜನ, ಅಂದರೆ ಅಷ್ಟು ಪ್ರಾಣಿಗಳು, ಬಾಗಿಲ ಮುಂದೆ ನಿಂತದ್ದು ನೋಡಿದ್ದೇ ತಡ, ಕೆಂಚಯ್ಯನವರ ಬಾಯಿ ಅಭ್ಯಾಸಬಲದಿಂದ ತಾನಾಗಿ ಕೂಗಿಬಿಟ್ಟಿತು: "ಬನ್ನಿ ಬನ್ನಿ, ಜಾಗ ಐತೆ, ಎಲ್ರೂ ಕೂತ್ಕೊಂಡು ಹೋಗಬೌದು!" ಸ್ಟುಡಿಯೋದವರು ಬಿದ್ದೂಬಿದ್ದೂ ನಕ್ಕರಂತೆ. ನಕ್ಕು ಮುಗಿದ ಮೇಲೆ ಶಿಲ್ಪಾ ಅದನ್ನೇ ಇನ್ನೊಂದು ಸಲ ಹಾಕಿ ಕೇಳಿಸಿದಳಂತೆ. ಆ ಮಾತನ್ನು ಹಾಗೇ ಉಳಿಸಿಕೊಂಡರು.

ಸಿನಿಮಾ ಬಂದ ಮೇಲೆ ಮಕ್ಕಳ ಬಾಯಲ್ಲೆಲ್ಲ ಅದೇ ಮಾತು. ಸ್ಕೂಲಿನ ಬೆಂಚಿನಲ್ಲಿ ಮೂವರ ಜಾಗಕ್ಕೆ ಐವರು ಕೂರಬೇಕಾದರೆ "ಜಾಗ ಐತೆ" ಎನ್ನುವುದು. ಬೇಲೂರು, ಹಗರೆ ಕಡೆಯಿಂದಲೂ ಮಕ್ಕಳು ಬಂದು "ಕೊಂಬಯ್ಯ ತಾತ, ಒಂದ್ಸಲ ಕೂಗಿ" ಎಂದು ಪೀಡಿಸುವುದು. ಇವರು ಬೇಡ ಬೇಡ ಎನ್ನುತ್ತಲೇ ಗಂಟಲು ಸರಿಮಾಡಿಕೊಳ್ಳುವುದು. ಅರವತ್ತರ ಹತ್ತಿರ ಬಂದ ಗಂಡಸಿಗೆ ಅಷ್ಟು ಖುಷಿ ಅಷ್ಟು ಸಲೀಸಾಗಿ ಸಿಕ್ಕಿದ್ದು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಮೆಚ್ಚದೆ ಉಳಿದವರು ಒಬ್ಬರೇ, ಅವರ ಹೆಂಡತಿ ವೆಂಕಟಲಕ್ಷ್ಮಮ್ಮ. ಮೊದಲ ಸಿನಿಮಾದ ಅರ್ಧದಲ್ಲಿ ಅವರು ತೂಕಡಿಸಿದರು. "ಮನೇಲಿ ಉಪ್ಪು ಕೇಳೋದೂ ಹಿಂಗೇ ಕಣ್ ಉಷಮ್ಮ. ಇದ ಕೇಳಕ್ಕೆ ಟಿಕೆಟ್ ಬೇರೆ ತಗೋಬೇಕಾ?" ಎಂದು ನನ್ನ ಅಂಗಡಿಯಲ್ಲಿ ಕೂತು ಹೇಳಿದ್ದರು. ಕೆಂಚಯ್ಯನವರಿಗೆ ಊರೆಲ್ಲ ಹೊಗಳಿದ್ದಕ್ಕಿಂತ ಹೆಚ್ಚಾಗಿ ಆ ಮಾತು ನೆನಪಿನಲ್ಲಿತ್ತು.

ಹೋದ ಮಾಗಿಯ ಚಳಿಯಲ್ಲಿ ಒಂದು ವಿಚಿತ್ರ ನಡೆಯಿತು. ಇಪ್ಪತ್ತೈದರ ಒಬ್ಬ ಹುಡುಗ, ಕಿವಿಯವರೆಗೆ ಟೋಪಿ, ಹೆಗಲಿಗೊಂದು ಬ್ಯಾಗು, ಮೂರು ದಿನ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ. ಬಸ್ಸು ಬರುತ್ತವೆ, ಹೋಗುತ್ತವೆ, ಇವನು ಹತ್ತುವುದಿಲ್ಲ. ಕಳ್ಳನಿರಬೇಕೆಂದು ನಾನು ಹೊರಗೆ ನೇತು ಹಾಕಿದ್ದ ಸೀರೆಗಳನ್ನೆಲ್ಲ ಒಳಗೆ ತಂದಿಟ್ಟೆ. ಕೆಂಚಯ್ಯನವರಿಗಂತೂ ಅದು ಮರ್ಯಾದೆಯ ಪ್ರಶ್ನೆಯಾಯಿತು. ಅವರ ಕೂಗು ಕೇಳಿ ಬಸ್ ಹತ್ತದ ಮನುಷ್ಯ ಅದುವರೆಗೆ ಹುಟ್ಟಿರಲಿಲ್ಲ.

"ಎಲ್ಲಿಗಪ್ಪಾ? ಬೇಲೂರಾ? ಹಾಸನಾ?"

"ಇಲ್ಲ ತಾತ, ಮುಂದಿನ ಬಸ್ಸಿಗೆ ಹೋಗ್ತೀನಿ."

ಮೂರನೇ ದಿನ ಕೆಂಚಯ್ಯನವರೇ ಅವನಿಗೆ ಟೀ ಕುಡಿಸಿ, ಪಕ್ಕ ಕೂತು, "ಮನೇಲಿ ಜಗಳ ಆಡ್ಕೊಂಡ್ ಬಂದಿದ್ದೀಯೇನ್ಲಾ? ಹಂಗಿದ್ರೆ ಹೇಳು, ನಿಮ್ಮಪ್ಪಂಗೆ ನಾನು ಫೋನ್ ಮಾಡಿ ಮಾತಾಡ್ತೀನಿ" ಎಂದರು. ಹುಡುಗ ನಕ್ಕ. ಸಂಜೆಯ ಹಾಸನದ ಬಸ್ಸಿಗೆ ಹತ್ತಿ, ಬಾಗಿಲಲ್ಲಿ ನಿಂತು ಕೈಮುಗಿದು ಹೋದ. ನಾವು ಅವನನ್ನು ಮರೆತೆವು.

ದಸರಾ ರಜೆಗೆ ಇನ್ನೆರಡು ವಾರ ಇರುವಾಗ ಶಿಲ್ಪಾಳ ಫೋನು ಬಂತು. ಒಂಟಿಕೊಂಬಯ್ಯನ ಹಿಂದಿನ ಕಥೆ ಸಿನಿಮಾ ಆಗಿದೆ, ಅವನು ಹೋರಿಯಾಗಿದ್ದ ಕಾಲದ್ದು, ಹೆಸರು 'ಎರಡು ಕೊಂಬಿದ್ದಾಗ'. ಹೋರಿಗೆ ಹರೆಯದ ದನಿ ಬೇಕಾಗಿದ್ದರಿಂದ ಬೇರೆಯವರ ಹತ್ತಿರ ಮಾತಾಡಿಸಿದ್ದೇವೆ, ನಿಮಗೆ ಮೊದಲೇ ಹೇಳಬೇಕಿತ್ತು, ತಪ್ಪಾಯಿತು ಎಂದಳಂತೆ. ಇವರು "ಆಗ್ಲಿ ಕಣವ್ವ, ಒಳ್ಳೇದಾಗ್ಲಿ" ಎಂದು ಫೋನ್ ಇಟ್ಟರು. ಆಮೇಲೆ ಬಂದ ಬೇಲೂರಿನ ಬಸ್ಸಿಗೆ ಕೂಗಲೇ ಇಲ್ಲ. ಡ್ರೈವರ್ ಎರಡು ಸಲ ಹಾರ್ನ್ ಹೊಡೆದು, ಇವರ ಮುಖ ನೋಡಿ, ಅರ್ಧ ಖಾಲಿ ಬಸ್ಸು ತೆಗೆದುಕೊಂಡು ಹೋದ.

ಅವತ್ತಿನಿಂದ ಅವರ ಮುನಿಸು ನನ್ನ ಅಂಗಡಿಯಲ್ಲಿ ಠಿಕಾಣಿ ಹೂಡಿತು. "ಎತ್ತಿನ ಕಥೆ ನೋಡಾದ್ಮೇಲೆ ಹೋರಿ ಕಥೆ ಯಾರಿಗ್ ಬೇಕಮ್ಮ? ಮುಂದೇನಾಯ್ತದೆ ಅಂತ ಎಲ್ರಿಗೂ ಗೊತ್ತೈತಲ್ಲ" ಎನ್ನುತ್ತಿದ್ದರು. ಇನ್ನೊಂದು ದಿನ ತಾವಾಗಿ ಬಂದು, "ಆ ಮಾತು ನಂದು. ಇನ್ನೊಬ್ಬ ಹೆಂಗ್ ಹೇಳ್ತಾನೆ?" ಎಂದು ಕೇಳಿ ನನ್ನ ಉತ್ತರಕ್ಕೆ ಕಾಯದೆ ಎದ್ದು ಹೋದರು. ಅದೇ ಅವರ ಸಂಕಟ. ಜೀವಮಾನದಲ್ಲಿ ಆ ಮನುಷ್ಯನದು ಅಂತ ಇದ್ದದ್ದು ಒಂದು ದನಿ, ಒಂದು ಮಾತು. ಹರೆಯದವನೊಬ್ಬ ಬಂದು ಅದನ್ನು ಇವರಿಗಿಂತ ಚೆನ್ನಾಗಿ ಹೇಳಿಬಿಟ್ಟರೆ ಮಕ್ಕಳು ನಾಳೆಯಿಂದ ಯಾರ ಹತ್ತಿರ ಹೋಗುತ್ತಾರೆ? ನನಗೂ ಪಾಪ ಅನ್ನಿಸಿತು. ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಅವರು ಇನ್ನೊಂದು ಗಂಟೆ ಕೂರುತ್ತಿದ್ದರು.

ನೋಡುವುದೇ ಇಲ್ಲ ಎಂದಿದ್ದವರನ್ನು ಹೊರಡಿಸಿದ್ದು ನನ್ನ ತಮ್ಮನ ಮಗಳು ಸಿರಿ. ಅರಸೀಕೆರೆಯಲ್ಲಿರುವ ಒಂಬತ್ತು ವರ್ಷದ ಕಿಡಿಗೇಡಿ. "ಅತ್ತೇ, ಕೊಂಬಯ್ಯ ತಾತ ಬಂದ್ರೆ ಮಾತ್ರ ನಾನು ನೋಡೋದು, ಇಲ್ಲಾಂದ್ರೆ ಬೇಡ" ಎಂದು ಫೋನಿನಲ್ಲೇ ಹಟ ಹಿಡಿದಳು. ಕೆಂಚಯ್ಯನವರು ಕರಗಿದರು. "ಮಗು ಕರೀತೈತೆ ಅಂತ ಬತ್ತೀನಿ. ನೋಡಿ, ಉಗಿದು, ಬತ್ತೀನಿ" ಎಂದರು. ವೆಂಕಟಲಕ್ಷ್ಮಮ್ಮನವರು ಬಂದದ್ದು ಸಿನಿಮಾಕ್ಕಲ್ಲ, ಅರಸೀಕೆರೆಯಲ್ಲಿ ಒಂದು ಕುಕ್ಕರ್ ನೋಡಬೇಕಿತ್ತಂತೆ.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಹೊರಟೆವು. ಕೂಗುವವರಿಲ್ಲದೆ ಜನ ಕಮ್ಮಿ ಹತ್ತಿದ್ದರಿಂದ ಅವತ್ತು ಮಾತ್ರ ಎಲ್ಲರಿಗೂ ಸೀಟು ಸಿಕ್ಕಿತು. ಅದನ್ನು ನಾನು ಅವರಿಗೆ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಅರಸೀಕೆರೆಯ ಥಿಯೇಟರಿನ ತುಂಬ ಮಕ್ಕಳು. ಸಿರಿ ಕೆಂಚಯ್ಯನವರ ಎಡಕ್ಕೆ, ವೆಂಕಟಲಕ್ಷ್ಮಮ್ಮ ಬಲಕ್ಕೆ, ಅವರ ಪಕ್ಕ ನಾನು. ಸಿನಿಮಾ ಶುರುವಾಯಿತು. ನನಗೆ ಅನ್ನಿಸಿದ್ದು ಹೇಳಿಬಿಡುತ್ತೇನೆ: ಇದು ಮೊದಲನೆಯದರ ಸಮಕ್ಕೆ ಬರುವುದಿಲ್ಲ. ಅರ್ಧ ಗಂಟೆಗೆ ಮೂರು ಹಾಡು. ಮೊದಲನೆಯದರಲ್ಲಿ ಎತ್ತು ಸುಮ್ಮನೆ ಕೂತು ಮೆಲುಕು ಹಾಕುತ್ತಿದ್ದರೆ ಅದನ್ನು ನೋಡುವುದೇ ಒಂದು ಸುಖ. ಇದರಲ್ಲಿ ಹೋರಿಗೆ ಒಂದು ಗಳಿಗೆ ಬಾಯಿ ಮುಚ್ಚಲು ಬಿಟ್ಟಿಲ್ಲ. ಅದಕ್ಕಿಂತ ದೊಡ್ಡ ತಕರಾರು ಕೊಂಬಿನದು. ಕೊಂಬು ಹೇಗೆ ಮುರಿಯಿತೆಂದು ಮೊದಲ ಸಿನಿಮಾ ಹೇಳಿರಲಿಲ್ಲ. ಅದಕ್ಕೇ ಐದು ವರ್ಷದಿಂದ ಪ್ರತಿ ಮಗುವಿನ ಹತ್ತಿರವೂ ಒಂದೊಂದು ಕಥೆ ಇತ್ತು. ಸಿರಿಯ ಕಥೆಯಲ್ಲಿ ಹುಲಿ ಬರುತ್ತಿತ್ತು. ಈ ಸಿನಿಮಾದವರು ಉತ್ತರ ಕೊಟ್ಟು ಅವನ್ನೆಲ್ಲ ಒಂದೇ ಏಟಿಗೆ ಸುಳ್ಳು ಮಾಡಿಬಿಟ್ಟರು. ಹುಲಿ ಬರುವುದಿಲ್ಲ ಎಂದು ಗೊತ್ತಾದಾಗ ಸಿರಿಯ ಮುಖ ನೋಡಬೇಕಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಆ ಕೊಂಬಿನ ದೃಶ್ಯ ಚೆನ್ನಾಗಿತ್ತು ಎನ್ನದಿದ್ದರೆ ನನ್ನ ನಾಲಿಗೆಗೆ ಒಳ್ಳೆಯದಾಗುವುದಿಲ್ಲ. ಹೋರಿಗೆ ಎರಡು ಕೊಂಬಿನ ಸೊಕ್ಕು. ಬಾಗಿಲಿಗೆ ಅಡ್ಡ ನಿಂತು ಯಾರನ್ನೂ ಕೊಟ್ಟಿಗೆಯೊಳಗೆ ಬಿಡುವುದಿಲ್ಲ. ಒಂದು ಮಳೆಯಲ್ಲಿ ಕುಂಟು ಕರುವೊಂದು ಹೊರಗೆ ನಡುಗುತ್ತ ನಿಲ್ಲುತ್ತದೆ. ಹೋರಿ ಕಡೆಗೂ ಮನಸ್ಸು ಮಾಡಿ ಪಕ್ಕಕ್ಕೆ ಸರಿಯಲು ಹೋದರೆ ಕೊಂಬು ಚೌಕಟ್ಟಿಗೆ ಸಿಕ್ಕಿಕೊಂಡಿದೆ. ಎಳೆಯುತ್ತದೆ, ಮುರಿಯುತ್ತದೆ, ಬಾಗಿಲು ತೆರವಾಗುತ್ತದೆ. ಈಗ ಆ ಮಾತು ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಕೆಂಚಯ್ಯನವರು ಮುಂದಿನ ಸೀಟಿನ ಬೆನ್ನನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು.

"ಬನ್ನಿ ಬನ್ನಿ, ಜಾಗ ಐತೆ, ಎಲ್ರೂ ಕೂತ್ಕೊಂಡು ಹೋಗಬೌದು!"

ಎಳೆಯ ದನಿ, ಧೂಳು ಹೊಗೆ ಒಂದೂ ಸೋಕದ ದನಿ. ಆದರೆ 'ಬನ್ನಿ'ಯನ್ನು ಎತ್ತಿ ಒಗೆಯುವ ರೀತಿ, 'ಐತೆ'ಯ ಮೇಲೆ ಒಂದು ಚೂರು ನಿಲ್ಲುವ ರೀತಿ, ಕೊನೆಯಲ್ಲಿ ಕೇಳುವವರ ಹೆಗಲ ಮೇಲೆ ಕೈ ಹಾಕಿದ ಹಾಗೆ ಇಳಿಯುವುದು, ಎಲ್ಲ ಕೆಂಚಯ್ಯನವರದೇ. ಮಕ್ಕಳು ಕಿರುಚಿಕೊಂಡರು. ನಾನು ಕೆಂಚಯ್ಯನವರ ಕಡೆ ನೋಡಬೇಕೆಂದು ತಿರುಗಿದೆ. ನಡುವೆ ಕೂತಿದ್ದ ವೆಂಕಟಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

ಸಿನಿಮಾ ಮುಗಿದು ಹೆಸರುಗಳು ಓಡುವಾಗ ಪಕ್ಕದಲ್ಲಿ ಸ್ಟುಡಿಯೋದ ಚಿತ್ರಗಳನ್ನು ತೋರಿಸಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ಕೈ ಬೀಸಿ ಕೂಗುತ್ತಿದ್ದ ಹುಡುಗನನ್ನು ಕಂಡು ನಾನೂ ಕೆಂಚಯ್ಯನವರೂ ಒಟ್ಟಿಗೇ ಎದ್ದು ನಿಂತೆವು.

"ಉಷಮ್ಮಾ, ಇವ್ನು ಬಸ್ ಹತ್ತದ ಹುಡ್ಗ ಅಲ್ವಾ!"

ಅವನೇ. ಮೂರು ದಿನ ಕಲ್ಲುಬೆಂಚಿನ ಮೇಲೆ ಕೂತು ಅವನು ಬಸ್ಸಿಗೆ ಕಾದಿರಲಿಲ್ಲ, ಇವರ ಕೂಗು ಕಲಿಯುತ್ತಿದ್ದ. ಅಲ್ಲಿಂದಲೇ ಶಿಲ್ಪಾಳಿಗೆ ಫೋನ್ ಹಚ್ಚಿದೆವು. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಹೇಳಿದ್ದರೆ ನೀವು ಅವನಿಗೋಸ್ಕರ ಕೂಗ್ತಿದ್ರಿ ಸಾರ್. ನಮಗೆ ಬಸ್ಸಿಗೋಸ್ಕರ ಕೂಗೋದು ಬೇಕಿತ್ತು" ಎಂದಳು. ಕೆಂಚಯ್ಯನವರು ಫೋನನ್ನು ನನ್ನ ಕೈಗೆ ಕೊಟ್ಟು ಮೂಗು ಒರೆಸಿಕೊಂಡರು. ಉಗಿಯುವ ವಿಚಾರ ಆಮೇಲೆ ಯಾರೂ ಎತ್ತಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಗಂಡ ಹೆಂಡತಿ ನನ್ನ ಮುಂದಿನ ಸೀಟಿನಲ್ಲಿದ್ದರು. ಕುಕ್ಕರ್ ನೋಡುವುದು ಮರೆತೇಹೋಗಿತ್ತು. ಜಾವಗಲ್ ದಾಟಿದ ಮೇಲೆ ಕೆಂಚಯ್ಯನವರು, "ನಾನು ನಾಕ್ ದಿನ ನಿಂತ್ಕೊಂಡು ಮಾತಾಡಿದ್ ಸಿನಿಮಾಕ್ಕೆ ನಿದ್ದೆ ಹೊಡ್ದೆ. ಯಾರೋ ಮಾತಾಡಿದ್ದಕ್ಕೆ ಅತ್ಬುಟ್ಯಲ್ಲೇ" ಎಂದರು. ಬೇಡವೆಂದರೂ ಕಿವಿ ಕೇಳುತ್ತದೆ, ನಾನೇನು ಮಾಡಲಿ?

"ಯಾರೋ ಅಲ್ಲ ಕಣ್ರೀ" ಎಂದರು ವೆಂಕಟಲಕ್ಷ್ಮಮ್ಮ. "ಹಗರೇಲಿ ನಾನು ಡೇರಿಗೆ ಹಾಲು ತಗೊಂಡ್ ಹೋಗೋ ಹೊತ್ಗೆ ನಿಮ್ಮ ಬಸ್ ಬತ್ತಿತ್ತು. ನೀವು ಆಗ ಕ್ಲೀನರು. ಬಾಗ್ಲಲ್ಲಿ ನೇತಾಡ್ಕೊಂಡು ಕೂಗೋರು. ನಾನು ತಲೆ ಎತ್ತಿ ನೋಡ್ತಿರ್ಲಿಲ್ಲ. ಆದ್ರೆ ಆ ದನಿ ಬರೋವರ್ಗೂ ಕ್ಯಾನ್ ಕೆಳಗಿಟ್ಟು ನಿಂತಿರ್ತಿದ್ದೆ. ಒಂದೂವರೆ ವರ್ಷ."

"ಮದ್ವೆಗ್ ಮುಂಚೇನಾ?"

"ಹೂಂ. ನಮ್ಮ ಸೋದರಮಾವ ನಿಮ್ಮ ಜಾತಕ ತಂದಾಗ, ಹುಡ್ಗನ್ನ ನೋಡ್ಬೇಕಾ ಅಂತ ಕೇಳಿದ್ರು. ಬ್ಯಾಡ ಅಂದೆ. ಕೇಳಿದ್ದೆನಲ್ಲ."

ಮೂವತ್ತಾರು ವರ್ಷದ ಸಂಸಾರ. ಅಷ್ಟು ವರ್ಷವೂ ಕೆಂಚಯ್ಯನವರು, ಮಾವನ ಮಾತಿಗೆ ಕಟ್ಟುಬಿದ್ದು ಆಕೆ ತಮ್ಮನ್ನು ಕಟ್ಟಿಕೊಂಡಳು ಎಂದುಕೊಂಡಿದ್ದರಂತೆ. ಹೆಂಡತಿಯ ಕಡೆ ಪೂರ್ತಿ ತಿರುಗಿ ಕೂತು, "ಇಷ್ಟ್ ವರ್ಷ ಯಾಕೆ ಹೇಳ್ಲಿಲ್ಲ?" ಎಂದರು.

"ಆ ದನಿ ಮರ್ತೇಹೋಗಿತ್ತು ಕಣ್ರೀ. ಇವತ್ತು ಕೇಳ್ತು."

ಮಾರನೇ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ರಜೆಯ ಮಕ್ಕಳು ಅವರನ್ನು ಮುತ್ತಿಕೊಂಡಿದ್ದವು. ಹಳೇದು ಚೆನ್ನಾಗಿದೆಯೋ ಹೊಸದೋ, ತೀರ್ಪು ಬೇಕಂತೆ. ನಾನಾದರೆ ಹಾಡಿನಿಂದ ಶುರು ಮಾಡಿ ಹುಲಿಯವರೆಗೆ ಒಂದೊಂದೇ ಬಿಡಿಸಿ ಹೇಳುತ್ತಿದ್ದೆ. ಕೆಂಚಯ್ಯನವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ನಿಮಗೆ ಹಳೇದು, ನಮ್ಮನೆಯೋಳ್ಗೆ ಹೊಸದು" ಎಂದರು.

"ನಿಮಗೆ ತಾತ?"

ಅಷ್ಟರಲ್ಲಿ ಹಾಸನದ ಬಸ್ಸು ಬಂದು ನಿಂತಿತು, ಎಂದಿನಂತೆ ಬಾಗಿಲವರೆಗೂ ಜನ. ಆ ಬಸ್ಸಿಗೆ ಅವರು ಮೊದಲು ಹಾಸನದ ಹೆಸರು ಕೂಗುವುದು ವಾಡಿಕೆ, ದಾರಿಯ ಊರುಗಳೆಲ್ಲ ಆಮೇಲೆ. ಅವತ್ತು ಮೊದಲು ಕೂಗಿದ್ದು ಹಗರೆ. ಅದೂ ಎಷ್ಟು ಎಳೆದು, ಎಷ್ಟು ಜೋರಾಗಿ ಎಂದರೆ ನಾನು ಕತ್ತರಿ ಕೆಳಗಿಟ್ಟು ಹೊರಗೆ ಬಂದೆ. ಅವರ ಮನೆ ಇರುವುದು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಅಲ್ಲಿಗೆ ಚೆನ್ನಾಗಿ ಕೇಳುತ್ತದೆ.