ಆಚೆ ದಡದ ಅಕ್ಕ ಕಟ್ಟದ ಗೋಡೆ

ಆಗ ನನಗೆ ನಲವತ್ತರ ಆಸುಪಾಸು. ಮೂವತ್ತು ವರ್ಷದ ಹಿಂದಿನ ಮಾತು. ಮೊನ್ನೆ ಗುಂಡ್ಲುಪೇಟೆ ಬಸ್ಸಿನಲ್ಲಿ ಯಾರೋ ಮಂಡಿನೋವಿಗೆಂದು ಲಕ್ಕಿಸೊಪ್ಪಿನ ಕಟ್ಟು ಹಿಡಿದು ಕೂತಿದ್ದರು. ಆ ಘಾಟು ಮೂಗಿಗೆ ಬಡಿಯುತ್ತಲೇ ಆಚೆ ದಡದ ಅಕ್ಕ ನೆನಪಾದಳು.

ಹರವೆ ಕಡೆಯ ನಮ್ಮೂರಿನಲ್ಲಿ ಹಳ್ಳದ ಈ ದಡಕ್ಕೆ ನನ್ನ ಮನೆ, ಆ ದಡಕ್ಕೆ ಅವಳ ಮನೆ, ಹೊಲ. ಅವರಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುವುದು. ಅವಳ ಗಂಡನನ್ನೂ ದಡದ ಮೂಲೆಯಲ್ಲಿ ಮಣ್ಣು ಮಾಡಿದ್ದರು. ಪ್ರತಿ ಮಳೆಗಾಲವೂ ಹಳ್ಳ ಆ ದಡವನ್ನು ಕೊರೆಯುತ್ತಾ ಬಂತು. ಆ ವರ್ಷ ಸಮಾಧಿಗೂ ನೀರಿಗೂ ನಡುವೆ ಒಂದು ಮಂಚ ಹಾಕುವಷ್ಟು ಜಾಗ ಉಳಿದಿತ್ತು.

ತಡೆಗೋಡೆ ಕಟ್ಟಿಸಲು ಅವಳು ಕಲ್ಲು ತರಿಸಿದಳು. ಗೋಡೆಗೆ ಬಡಿದ ನೀರು ಈ ದಡಕ್ಕೆ ತಿರುಗುತ್ತದೆ. ತಿರುಗಿದರೆ ಮೊದಲು ಹೋಗುವುದು ನನ್ನ ಮನೆ. ನನಗೆ ಬೇರೆ ಜಾಗವಿರಲಿಲ್ಲ. ಕಟ್ಟಬೇಡ ಅನ್ನಲು ಬಾಯಿ ಬರಲಿಲ್ಲ. ಸತ್ತ ಗಂಡನನ್ನು ನೀರಿಗೆ ಬಿಡು ಅಂತ ಹೇಗೆ ಹೇಳುವುದು? ಸುಮ್ಮನಿರಲೂ ಆಗಲಿಲ್ಲ...

ಕೊನೆಗೆ ಅವಳೇ ಹಳ್ಳ ದಾಟಿ ಬಂದು ನನ್ನ ಜಗುಲಿಯ ಮೇಲೆ ಕೂತಳು.

"ಕಟ್ಟುದ್ರೆ ನಿನ್ ಗ್ವಾಡೆ ಬೀಳ್ತದೆ ಕಣಮ್ಮಿ. ಏನ್ ಮಾಡ್ಲಿ?"

"ನಮ್ ಕಡೀಕೂ ಒಂದು ಕಟ್ಸಕ್ಕ."

"ಎಲ್ಡು ಕಡೀಕೂ ಕಟ್ಬುಟ್ರೆ ಕೆಳಗ್ಲ ಕೇರಿ ಮುಳುಗ್ತದೆ. ಅವ್ರು ನಮ್ಮಿಬ್ರುನ್ನೂ ಹೂತಾಕ್ತಾರೆ."

ನಗುವ ಮಾತೇ. ನಾವು ನಗಲಿಲ್ಲ.

ಮಾರನೇ ವಾರ ಕಲ್ಲು ಕಟ್ಟುವವನನ್ನು ವಾಪಸು ಕಳಿಸಿ, ದಡದ ಉದ್ದಕ್ಕೂ ಲಕ್ಕಿ ಕಡ್ಡಿ ನೆಟ್ಟಳು. ಬೇರು ಬಿಟ್ಟರೆ ಮಣ್ಣು ಹಿಡಿಯುತ್ತದೆ, ಯಾರ ಮೇಲೂ ನೀರು ತಿರುಗುವುದಿಲ್ಲ. ಆದರೆ ಬೇರು ಇಳಿಯಲು ವರ್ಷಗಳು ಬೇಕು, ಅದು ಇಬ್ಬರಿಗೂ ಗೊತ್ತಿತ್ತು. ಆ ಮಳೆಗಾಲ ಪೂರಾ ಅವಳು ಆ ದಡದಲ್ಲಿ, ನಾನು ಈ ದಡದಲ್ಲಿ ನಿಂತು ನೀರು ನೋಡಿದ್ದೇ ಬಂತು. ಎಲ್ಲಿಗೂ ಹೋಗುವಂತಿರಲಿಲ್ಲ.

ಒಂದು ಸಂಜೆ ಆ ದಡ ಕುಸಿಯಿತು. ಸಮಾಧಿಯ ಮೇಲಿನ ಚಪ್ಪಡಿ, ಮಣ್ಣು, ಒಳಗಿದ್ದವನು, ಎಲ್ಲಾ ಹೋಯಿತು. ನಾನು "ಅಕ್ಕೋ" ಅಂತ ಕೂಗಿದೆ. ಅವಳು ಆಚೆಯಿಂದಲೇ ಕೂಗಿ ಹೇಳಿದಳು:

"ಓಗ್ಲಿ ಬುಡಮ್ಮಿ. ಬದುಕಿದ್ದಾಗ್ಲೂ ಒಂದಿನನಾರ ಮನೇಲಿ ನಿಂತವ್ನಾ?"

ಹಾಗಂದವಳು ಒಳಗೆ ಹೋಗಿ ಕದ ಹಾಕಿಕೊಂಡಳು.

ಅವಳೂ ಹೋಗಿ ಬಹಳ ವರ್ಷವಾಯಿತು. ನನ್ನ ಮನೆ ನಿಂತಿದೆ. ಕೆಡವಿ ಹೊಸದು ಕಟ್ಟೋಣ ಅನ್ನುತ್ತಾನೆ ಮೊಮ್ಮಗ. ಬೇಡ ಅನ್ನುತ್ತೇನೆ. ಅವತ್ತು ಆ ದಡ ಕುಸಿದ ಮರುದಿನ ಬೆಳಿಗ್ಗೆ ನೀರು ಇಳಿದಿತ್ತು. ಅವಳ ಹಸು ಕೆಚ್ಚಲು ಬಿಗಿದು ಕೂಗುತ್ತಿತ್ತು, ಕದ ತೆರೆದಿರಲಿಲ್ಲ. ಹಳ್ಳ ದಾಟಿ ಹೋದೆ. ಹಾಲು ಕರೆದು, ಚೊಂಬನ್ನು ಅವಳ ಹೊಸಿಲ ಮೇಲಿಟ್ಟು ಬಂದೆ.