ಪ್ರಾರ್ಥನಾ ಮನೆಯ ಹಿಂದಿನ ತೋಟ

ಮೊನ್ನೆ ಬೀದರಿನ ಸಂತೆಯಲ್ಲಿ ಒಬ್ಬಾಕೆ ಪುದೀನಾ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಲ್ಲು ಕಚ್ಚಿಕೊಂಡೆ. ಪುದೀನಾ ವಾಸನೆಗೆ ಕೆಲವರಿಗೆ ಹಸಿವಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಎಷ್ಟೋ ವರ್ಷಗಳ ಹಿಂದಿನ ಸಿಟ್ಟು, ಇನ್ನೂ ಆರಿಲ್ಲ...

ನಾನು ಕಮಠಾಣದವಳು. ಮದುವೆಗೆ ಮುಂಚೆ, ಹೈದರಾಬಾದ್ ಸಂಸ್ಥಾನದ ಕೊನೆಯ ದಿನಗಳಲ್ಲಿ, ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿ ಕ್ರೈಸ್ತ ಪ್ರಾರ್ಥನಾ ಮನೆಯವರು ನಡೆಸುತ್ತಿದ್ದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಊರ ಹೆಸರು ಬೇಡ. ಸರ್ಕಾರಿ ಶಾಲೆಯಲ್ಲಿ ಆಗ ಎಲ್ಲವೂ ಉರ್ದು. ಪ್ರಾರ್ಥನಾ ಮನೆಯ ಹಿಂದೆ ಒಂದು ಬಾವಿ, ಬಾವಿಯ ಸುತ್ತ ತೋಟ. ಊರ ಬಾವಿಗೆ ನಮ್ಮ ಕೇರಿಯವರು ಕೊಡ ಇಳಿಸುವಂತಿರಲಿಲ್ಲ. ಆ ಸಣ್ಣ ಬಾವಿಯಲ್ಲೇ ನಮ್ಮ ಮಾನವಿತ್ತು. ತೋಟ ನೋಡಿಕೊಳ್ಳುತ್ತಿದ್ದವಳು ಒಬ್ಬ ವಯಸ್ಸಾದ ವಿಧವೆ. ಎಲ್ಲರೂ ಅವಳನ್ನು ತೋಟದ ಆಯಿ ಎನ್ನುತ್ತಿದ್ದರು.

ನಾಲ್ಕು ಪೇರಲ ಮರ, ಪುಂಡಿಪಲ್ಯ, ಬದನೆ, ಚೆಂಡುಹೂ, ನೀರು ಹರಿಯುವ ಕಾಲುವೆಯುದ್ದಕ್ಕೂ ಪುದೀನಾ. ಪುದೀನಾದ ಬೇರು ಕೊಟ್ಟವಳು ಗೋಡೆಯಾಚೆಯ ಬೀಬಿ. ಬೀಬಿಯ ಗಂಡ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಅವರಿಗೆ ಇಬ್ಬರು ಹೆಣ್ಣುಮಕ್ಕಳು.

ಆಯಿಗೆ ಓದು ಬರುತ್ತಿರಲಿಲ್ಲ. ದೇವರ ವಾಕ್ಯವನ್ನು ಅವಳು ಕಿವಿಯಿಂದ ಕೇಳಿ, ಮಣ್ಣಿನಲ್ಲಿ ಕೈಯಾಡಿಸುತ್ತ ಅರ್ಥ ಮಾಡಿಕೊಂಡವಳು. ಕೊಳೆತ ಎಲೆಯ ಗುಂಡಿಯ ಹತ್ತಿರ ನಾನು ಮೂಗು ಮುಚ್ಚಿಕೊಂಡರೆ ನಗುತ್ತಿದ್ದಳು. "ಮೂಗ ಮುಚ್ಚಬ್ಯಾಡ್ರಿ ಅಕ್ಕೋರೆ. ದೇವರ ಕೆಲಸ ಶುರು ಆಗೋದು ಇಂಥಾ ಜಾಗಾದಾಗ."

ಒಂದು ಈಸ್ಟರ್ ದಿನ, ಆರಾಧನೆ ಮುಗಿದ ಮೇಲೆ, ಪೇರಲ ಮರದ ಕೆಳಗೆ ಕೂತು ಹೇಳಿದಳು: "ಸಮಾಧಿ ಮುಂದ ಆ ಹೆಣ್ಣಮಗಳು ಎದ್ದುಬಂದ ಸ್ವಾಮಿನ್ನ ನೋಡಿ ಮಾಲಿ ಅಂತ ತಿಳದಳಂತ. ತಪ್ಪ ತಿಳದಳು ಅಂತಾರ ನಮ್ಮ ಹಿರಿಯರು. ನಾ ಒಪ್ಪಂಗಿಲ್ಲರಿ. ಅವನ ಕೈಗಿ ಮಣ್ಣ ಹತ್ತಿದ್ದು ಆಕಿ ಕಂಡಿರಬೇಕು."

ಹಿರಿಯರು ಎಂದರೆ ಸಭೆಯ ಮುಖ್ಯಸ್ಥರು. ಬೋಧನೆಗೆ ನಿಂತರೆ ಗುಡುಗು. ನಿಜಾಮರ ಪರ ಬಡಿದಾಡುತ್ತಿದ್ದ ರಜಾಕಾರರ ಹಾವಳಿ ಹೆಚ್ಚಾದದ್ದೇ, ಪ್ರಾರ್ಥನಾ ಮನೆಯ ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಆಯಿಯ ಕೈಗಿಟ್ಟು, ಸೊಲ್ಲಾಪುರದ ನೆಂಟರ ಮನೆ ಸೇರಿದರು. ಒಂದು ಮಧ್ಯಾಹ್ನ ರಜಾಕಾರರು ಪ್ರಾರ್ಥನಾ ಮನೆಗೆ ಬೆಂಕಿ ಇಡಲು ಬಂದಾಗ ಎದುರು ನಿಂತವನು ಬೀಬಿಯ ಗಂಡ. ಬಡ ಮುದುಕಿಯ ತೋಟ, ಬಿಟ್ಟುಬಿಡಿ ಎಂದು ಅವರ ಗಲ್ಲ ಹಿಡಿದು ಬೇಡಿ ಹಿಂದಕ್ಕೆ ಕಳಿಸಿದ. ಹಿರಿಯರು ಅಲ್ಲಿರಲಿಲ್ಲ.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ದಂಡು ಬಂತು, ನಿಜಾಮರು ಸೋತರು. ರಜಾಕಾರರು ಎಂದೋ ಓಡಿಹೋಗಿದ್ದರು. ಸೇಡು ತೀರಿಸಿಕೊಳ್ಳಲು ಹೊರಟವರಿಗೆ ಸಿಕ್ಕಿದ್ದು ಹತ್ತಿ ಹಿಂಜುವವನು. ಹೊಲದ ಬದುವಿನಲ್ಲಿ ಅವನನ್ನು ಕಡಿದು ಹಾಕಿದರು. ಕಡಿದವರೆಲ್ಲ ಅವನು ಹೊಲಿದ ಗಾದಿಯ ಮೇಲೆ ಮಲಗಿ ಎದ್ದವರು!

ಸುದ್ದಿ ಬಂದ ಗಳಿಗೆಯಲ್ಲೇ ಆಯಿ ಬೀಬಿಯನ್ನೂ ಮಕ್ಕಳನ್ನೂ ಗೋಡೆ ದಾಟಿಸಿ, ಪ್ರಾರ್ಥನಾ ಮನೆಯೊಳಗೆ ಕೂಡಿಸಿ, ಕೀಲಿ ಹಾಕಿದಳು. ಕೀಲಿಕೈ ಸೆರಗಿಗೆ ಗಂಟು ಹಾಕಿಕೊಂಡು ಬದನೆ ಮಡಿಯಲ್ಲಿ ಕಳೆ ಕೀಳುತ್ತ ಕೂತಳು. ಶಾಲೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ. ಕುಡುಗೋಲು, ಬಡಿಗೆ ಹಿಡಿದು ಹತ್ತಾರು ಜನ ನುಗ್ಗಿದರು.

"ಪಿಂಜಾರನ ಹೇಣತಿ ಎಲ್ಲಿ ಹ್ವಾದಳು?"

"ನಾ ನೋಡಿಲ್ಲರಿ."

"ಬಾಗಿಲ ತೆಗಿ."

"ಕೀಲಿ ಹಿರಿಯರ ಹತ್ರ ಅದ. ಸೊಲ್ಲಾಪುರಕ್ಕ ಹೋಗಿ ತರ್ರಿ."

ಒಬ್ಬ ಬಡಿಗೆಯಿಂದ ಅವಳ ಬಲ ಮುಂಗೈಗೆ ಹೊಡೆದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಉಳಿದವರು ಮಡಿಗಳನ್ನು ತುಳಿದರು, ನಾಲ್ಕೂ ಪೇರಲ ಮರ ಕಡಿದರು. ಕಾಲಡಿ ಜಜ್ಜಿದ ಪುದೀನಾದ ವಾಸನೆ ಕಿಟಕಿಯವರೆಗೆ ಬಂತು. ದೇವರ ಬಾಗಿಲು ಒಡೆಯಲು ಮಾತ್ರ ಅವರಲ್ಲೊಬ್ಬ ಮುದುಕ ಹೆದರಿ, ಉಳಿದವರನ್ನು ತಡೆದ. ಬೈಯುತ್ತ ಹೊರಟುಹೋದರು. ಮರುದಿನ ದಂಡಿನ ಲಾರಿಯೊಂದು ಬಂತು. ಆಯಿ ತಾನೇ ಎದುರು ಹೋಗಿ ನಿಲ್ಲಿಸಿ, ಮೂವರನ್ನೂ ಬೀದರಿಗೆ ಹತ್ತಿಸಿದಳು.

ಎರಡು ವಾರಕ್ಕೆ ಹಿರಿಯರು ಮರಳಿದರು. ಭಾನುವಾರದ ಆರಾಧನೆಯ ನಂತರ ಸಭೆ ಕೂಡಿಸಿದರು. ಯಾರ ವಿಚಾರಣೆ ಗೊತ್ತೆ? ಕೊಂದವರದಲ್ಲ. ಆಯಿಯದು.

"ದೇವರ ಮನ್ಯಾಗ ನಿಂತು ಹೇಳು. ನೀ ಸುಳ್ಳ ಹೇಳಿದಿ. ಊರವರಿಗಿ ನಮ್ಮನ್ನೆಲ್ಲ ವೈರಿ ಮಾಡಿದಿ. ತಪ್ಪಾಯ್ತು ಅಂತ ಮೊಣಕಾಲ ಊರು."

ಮುರಿದ ಕೈಯನ್ನು ಹಳೆಯ ಸೀರೆಯ ತುಂಡಿನಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದಳು. "ಸುಳ್ಳ ಹೇಳೀನಿರಿ. ಅದಕ್ಕ ಮೊಣಕಾಲ ಊರ್ತೇನಿ. ಬಚ್ಚಿಟ್ಟಿದ್ದಕ್ಕ ಊರಂಗಿಲ್ಲ."

"ಹಂಗಂದ್ರ ತೋಟ ಬಿಡಬೇಕಾಗ್ತದ."

"ತೋಟ ನಿಮ್ಮದಲ್ಲರಿ, ನನ್ನದೂ ಅಲ್ಲ. ಅದರ ಮಾಲಿ ಬ್ಯಾರೆ ಅದಾನ."

ಅವಳನ್ನು ತೋಟದಿಂದ ತೆಗೆಯಲು ಒಪ್ಪುವವರು ಕೈ ಎತ್ತಿ ಎಂದರು ಹಿರಿಯರು. ಒಂದೊಂದೇ ಕೈ ಮೇಲೇರಿತು. ನನ್ನ ನೌಕರಿ ಹಿರಿಯರ ಒಂದು ಮಾತಿನಲ್ಲಿತ್ತು. ಕಿಟಕಿಯಿಂದ ಎಲ್ಲ ಕಂಡವಳು ನಾನೊಬ್ಬಳೇ... ನಾನೂ ಕೈ ಎತ್ತಿದೆ. ಕೀಲಿಕೈ ಮರಳಿಸಲು ಆಯಿ ಎಡಗೈಯಿಂದ ಸೆರಗಿನ ಗಂಟು ಬಿಚ್ಚಲು ಹೆಣಗುತ್ತಿದ್ದಳು. ಬಿಚ್ಚಿಕೊಡಲೂ ನಾನು ಏಳಲಿಲ್ಲ.

ಅವಳು ಔರಾದಿನಲ್ಲಿದ್ದ ತಂಗಿಯ ಮಗಳ ಮನೆಗೆ ಹೋದಳು. ಮೂರು ವರ್ಷ ಬಿಟ್ಟು, ನೌಕರಿಯೂ ಬಿಟ್ಟ ಮೇಲೆ, ನಾನು ಬಸ್ಸು ಹಿಡಿದು ಅಲ್ಲಿಗೆ ಹೋದೆ. ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಬಾಗಿಲಿಗೆ ಬಂದ ತಂಗಿಯ ಮಗಳು, ಆಯಿ ತೀರಿಕೊಂಡು ಎರಡು ತಿಂಗಳಾಯಿತೆಂದಳು. ಆಮೇಲೆ ನನ್ನನ್ನೇ ದಿಟ್ಟಿಸಿದಳು.

"ಕಮಠಾಣದ ಅಕ್ಕೋರು ನೀವೇನ್ರಿ? ದಿನಾ ನಿಮ್ಮ ಹೆಸರ ಹಿಡದು ಪ್ರಾರ್ಥನಾ ಮಾಡ್ತಿದ್ದಳ್ರಿ. ಪಾಪ, ಆ ಹುಡುಗಿ ಹೆದರಿತ್ತು ಅಂತಿದ್ದಳು."

ಆ ಮಾತು ಇಂದಿಗೂ ಚುಚ್ಚುತ್ತದೆ. ಶಪಿಸಿದ್ದರೆ ಹಗುರಾಗುತ್ತಿದ್ದೆ. ಕೇಳುವ ಮೊದಲೇ ಕ್ಷಮಿಸಿ, ಕೇಳುವ ದಾರಿಯನ್ನೇ ಮುಚ್ಚಿ ಹೋಗಿಬಿಟ್ಟಳಲ್ಲ ಎಂದು ಅವಳ ಮೇಲೂ ಸಿಟ್ಟು ಬರುತ್ತದೆ.

ಈಗ ಆ ತೋಟದ ಜಾಗದಲ್ಲಿ ಮದುವೆಯ ಹಾಲ್ ಇದೆ. ಬಾವಿ ಮುಚ್ಚಿದ್ದಾರೆ. ಗೋಡೆಗೆ ಹಾಕಿದ ಕಲ್ಲಿನಲ್ಲಿ ಹಿರಿಯರ ಹೆಸರು, ಕಷ್ಟಕಾಲದಲ್ಲಿ ಸಭೆಯನ್ನು ಕಾಪಾಡಿದವರೆಂಬ ಹೊಗಳಿಕೆ. ಬೀಬಿಯೂ ಮಕ್ಕಳೂ ಏನಾದರೋ, ಯಾರೂ ವಿಚಾರಿಸಲಿಲ್ಲ. ಆ ಕಲ್ಲು ಸುಳ್ಳು ಹೇಳುತ್ತಿದೆ ಎಂದು ಹೋದ ವರ್ಷ ಸಭೆಯವರಿಗೆ ಹೇಳಿದೆ. "ಹಳೇದು ಯಾಕ ಕೆದಕ್ತೀರಿ ಅಮ್ಮಾ, ಆವಾಗಿನವರು ಯಾರ ಉಳದಾರ?" ಎಂದರು.

ನಾನು ಉಳಿದಿದ್ದೇನೆ. ಅಂದು ಕೈ ಎತ್ತಿದವರಲ್ಲಿ ಇನ್ನೂ ಬದುಕಿರುವವಳು ನಾನೊಬ್ಬಳೇ.